ತೋಳಿನ ಮೇಲಿನ ಉತ್ತರಕ್ಕೆ ಎರಡು ದಿನ ಕಾಯೋಣ

ಸುರತ್ಕಲ್‌ನ ಒಂದು ಕೂಡು ಕುಟುಂಬವನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಜ್ಜನಿಗೆ ತಿಂಗಳಿನಿಂದ ಬಿಡದ ಕೆಮ್ಮು. ಕಫ ಪರೀಕ್ಷೆ ಮಾಡಿಸಿದಾಗ ಕ್ಷಯ ಎಂದು ತಿಳಿಯಿತು. ಅಜ್ಜನ ಮಗ್ಗುಲಲ್ಲೇ ಮಲಗುವ ನಾಲ್ಕು ವರ್ಷದ ಮೊಮ್ಮಗಳನ್ನೂ ಪರೀಕ್ಷಿಸಬೇಕು ಎಂದರು ವೈದ್ಯರು. ಮಗುವಿನ ಮುಂಗೈಯ ಒಳಭಾಗದ ಚರ್ಮಕ್ಕೆ ಸಣ್ಣದೊಂದು ಚುಚ್ಚುಮದ್ದು ಕೊಟ್ಟು, "ಎರಡು ದಿನ ಕಳೆದು ಕರೆತನ್ನಿ, ಮೂರು ದಿನ ದಾಟಬಾರದು" ಎಂದರು.

ಸಂಜೆ ನೋಡಿದರೆ ಕೈಯಲ್ಲಿ ಏನೂ ಇಲ್ಲ. "ಏನೂ ಆಗಿಲ್ಲವಲ್ಲ ಮಗಳೇ, ಈ ಮಳೆಯಲ್ಲಿ ಮತ್ತೆ ಯಾಕೆ ಹೋಗುವುದು?" ಎಂದರು ಅತ್ತೆ. ಸೊಸೆಗೂ ಅದು ಸರಿಯೆನಿಸಿತು.

ತಪ್ಪುವುದು ಇಲ್ಲಿಯೇ. ಮಾಂಟೂ ಪರೀಕ್ಷೆ ಎಂದು ಕರೆಯುವ ಈ ಪರೀಕ್ಷೆಯ ಉತ್ತರ ಸಂಜೆಯೊಳಗೆ ಬರುವುದಿಲ್ಲ. ರಕ್ತ ಪರೀಕ್ಷೆಯ ಉತ್ತರ ಯಂತ್ರದಿಂದ ಬರುತ್ತದೆ. ಇಲ್ಲಿ ಉತ್ತರ ಕೊಡಬೇಕಾದವರು ಮಗುವಿನ ಮೈಯೊಳಗಿರುವ ಕಾವಲುಗಾರರು. ಅವರ ಹೆಸರು ಟಿ ಕೋಶಗಳು.

ಕಾವಲುಗಾರರ ತರಬೇತಿ

ಟಿ ಕೋಶಗಳು ಒಂದು ಬಗೆಯ ಬಿಳಿ ರಕ್ತಕಣಗಳು. ಎದೆಯ ಮೂಳೆಯ ಹಿಂದಿರುವ ಥೈಮಸ್ ಎಂಬ ಗ್ರಂಥಿಯಲ್ಲಿ ಬೆಳೆಯುವುದರಿಂದ ಅವುಗಳಿಗೆ ಈ ಹೆಸರು. ರೋಗ ನಿರೋಧಕ ಶಕ್ತಿಗೆ ಈ ಗ್ರಂಥಿ ಎಷ್ಟು ಮುಖ್ಯವೆಂದು 1961ರಲ್ಲಿ ತೋರಿಸಿಕೊಟ್ಟವರು ಜಾಕ್ ಮಿಲ್ಲರ್. ಥೈಮಸ್‌ನಲ್ಲಿ ನಡೆಯುವ ಪರೀಕ್ಷೆ ಬಹಳ ಕಠಿಣ. ನಮ್ಮದೇ ದೇಹದ ಮೇಲೆ ಬೀಳುವ ಸಾಧ್ಯತೆಯಿರುವ ಕೋಶಗಳು ಮತ್ತು ಕೆಲಸಕ್ಕೆ ಬಾರದ ಕೋಶಗಳು ಅಲ್ಲಿಯೇ ಸಾಯುತ್ತವೆ. ಹೊರಗೆ ಬರುವುದು ಕೆಲವು ಮಾತ್ರ. ಹಾಗೆ ಹೊರಬಂದ ಪ್ರತಿಯೊಂದು ಕೋಶಕ್ಕೂ ಗುರುತಿಸಲು ತನ್ನದೇ ಆದ ಒಂದು ನಿರ್ದಿಷ್ಟ ವಸ್ತು ಇರುತ್ತದೆ. ಅದನ್ನು ಆಂಟಿಜನ್ ಎನ್ನುತ್ತಾರೆ.

ಟಿ ಕೋಶ ಇಡೀ ರೋಗಾಣುವನ್ನು ನೋಡಿ ಗುರುತು ಹಿಡಿಯುವುದಿಲ್ಲ. ಡೆಂಡ್ರಿಟಿಕ್ ಕೋಶ ಎಂಬ ಇನ್ನೊಂದು ಬಗೆಯ ಕೋಶ ರೋಗಾಣುವನ್ನು ನುಂಗಿ, ಚೂರು ಮಾಡಿ, ಒಂದು ಚೂರನ್ನು ಹರಿವಾಣದಲ್ಲಿಟ್ಟಂತೆ ತನ್ನ ಮೈಮೇಲೆ ಎತ್ತಿ ಹಿಡಿಯುತ್ತದೆ. ಆ ಹರಿವಾಣ ನಮ್ಮದೇ ದೇಹದ್ದಾಗಿರಬೇಕು, ಅದರಲ್ಲಿರುವ ಚೂರು ಹೊರಗಿನದಾಗಿರಬೇಕು. ಎರಡನ್ನೂ ಒಟ್ಟಿಗೆ ಕಂಡಾಗ ಮಾತ್ರ ಟಿ ಕೋಶ ಗುರುತು ಹಿಡಿಯುತ್ತದೆ. 1974ರ ಹೊತ್ತಿಗೆ ಇದನ್ನು ಕಂಡುಹಿಡಿದ ಪೀಟರ್ ಡೊಹರ್ಟಿ ಮತ್ತು ರೋಲ್ಫ್ ಜಿಂಕರ್‌ನಾಗೆಲ್ ಅವರಿಗೆ 1996ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಎರಡು ಕೀಲಿಕೈ

ಗುರುತು ಹಿಡಿದ ಮಾತ್ರಕ್ಕೆ ಟಿ ಕೋಶ ಯುದ್ಧಕ್ಕೆ ಇಳಿಯುವುದಿಲ್ಲ. ಬ್ಯಾಂಕಿನಲ್ಲಿ ನಮ್ಮ ಒಡವೆಯ ಲಾಕರ್ ತೆರೆಯಲು ನಮ್ಮ ಕೀಲಿಕೈಯೊಂದೇ ಸಾಲದು, ಬ್ಯಾಂಕಿನವರ ಕೀಲಿಕೈಯೂ ಬೇಕು. ಹಾಗೆಯೇ ಇಲ್ಲೂ. ಆಂಟಿಜನ್ ಗುರುತಾಗುವುದು ಮೊದಲ ಕೀಲಿಕೈ. "ಅಪಾಯ ನಿಜ" ಎಂದು ಡೆಂಡ್ರಿಟಿಕ್ ಕೋಶ ಕೊಡುವ ಇನ್ನೊಂದು ಸಂಕೇತ ಎರಡನೆಯದು. ಎರಡನೆಯದು ಸಿಗದಿದ್ದರೆ ಟಿ ಕೋಶ ಸುಮ್ಮನಾಗುತ್ತದೆ. ನಮ್ಮ ಸ್ವಂತ ಅಂಗಾಂಗಗಳನ್ನು ಅನಾವಶ್ಯಕ ದಾಳಿಯಿಂದ ಕಾಪಾಡುವ ಏರ್ಪಾಡುಗಳಲ್ಲಿ ಇದೂ ಒಂದು.

ಎರಡೂ ಕೂಡಿಬಂದರೆ ಒಂದು ಕೋಶ ಕೆಲವೇ ದಿನಗಳಲ್ಲಿ ಸಾವಿರಾರು ಆಗುತ್ತದೆ. ಕ್ಷಯದ ರೋಗಾಣು ನಮ್ಮ ಕೋಶಗಳ ಒಳಗೇ ಅಡಗಿ ಕುಳಿತುಕೊಳ್ಳುತ್ತದೆ. ಅದನ್ನು ನುಂಗಿದ ಕೋಶಕ್ಕೆ ಬಲ ತುಂಬಿ, ರೋಗಾಣುವಿನ ಸುತ್ತ ಕೋಟೆ ಕಟ್ಟಿಸುವ ಕೆಲಸ ಟಿ ಕೋಶಗಳದ್ದು. ಎಚ್‌ಐವಿ ಈ ಕೋಶಗಳನ್ನೇ ನಾಶ ಮಾಡುವುದರಿಂದ ಅಂಥವರಲ್ಲಿ ಕ್ಷಯ ಬೇಗ ಉಲ್ಬಣಿಸುತ್ತದೆ. ಸಕ್ಕರೆ ಕಾಯಿಲೆ ಮತ್ತು ಪೌಷ್ಟಿಕ ಆಹಾರದ ಕೊರತೆ ಇರುವವರಿಗೂ ಅಪಾಯ ಹೆಚ್ಚು.

ಎರಡು ದಿನ ಏಕೆ?

ಹೋರಾಟ ಮುಗಿದರೂ ಕೆಲವು ಟಿ ಕೋಶಗಳು ನೆನಪು ಹೊತ್ತು ಉಳಿಯುತ್ತವೆ. ಮಾಂಟೂ ಪರೀಕ್ಷೆಯಲ್ಲಿ ಚುಚ್ಚುವುದು ಜೀವಂತ ರೋಗಾಣುವನ್ನಲ್ಲ, ಅದರ ಪ್ರೊಟೀನನ್ನು ಮಾತ್ರ. ಇದರಿಂದ ಕ್ಷಯ ಬರುವುದಿಲ್ಲ. ಮಗುವಿನ ಮೈಗೆ ಮೊದಲೇ ರೋಗಾಣು ಹೊಕ್ಕಿದ್ದರೆ, ನೆನಪಿರುವ ಟಿ ಕೋಶಗಳು ಆ ಜಾಗಕ್ಕೆ ಬಂದು, ಪ್ರೊಟೀನನ್ನು ಗುರುತಿಸಿ, ಬೇರೆ ಕೋಶಗಳನ್ನೂ ಕರೆಸಿಕೊಳ್ಳುತ್ತವೆ. ಇದಕ್ಕೆ 48ರಿಂದ 72 ಗಂಟೆ ಬೇಕು. ಆಗ ಏಳುವ ಗಟ್ಟಿ ಊತವನ್ನು ಅಳೆಯುತ್ತಾರೆ. ಕೆಂಪಗಾದುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಾಮಾನ್ಯವಾಗಿ 10 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಪಾಸಿಟಿವ್.

ನಮ್ಮ ರಾಜ್ಯಕ್ಕೂ ಈ ಚುಚ್ಚುಮದ್ದಿಗೂ ಹಳೆಯ ನಂಟು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಮತ್ತೆ ಮತ್ತೆ ಸಮೀಕ್ಷೆ ನಡೆಸಿತು. ಕ್ಷಯ ಜನರಲ್ಲಿ ಹೇಗೆ ಹರಡುತ್ತದೆಂದು ಅರಿಯಲು ಅಲ್ಲಿಯೂ ತೋಳಿನ ಊತವನ್ನೇ ಅಳೆಯಲಾಯಿತು.

ತಾಯಂದಿರು ನೆನಪಿಡಬೇಕಾದದ್ದು

ಪಾಸಿಟಿವ್ ಎಂದರೆ ರೋಗ ಬಂದಿದೆ ಎಂದಲ್ಲ, ರೋಗಾಣುವಿನ ಪರಿಚಯ ದೇಹಕ್ಕೆ ಆಗಿದೆ ಎಂದರ್ಥ. ಹುಟ್ಟಿದಾಗ ಹಾಕಿಸಿದ ಬಿಸಿಜಿಯಿಂದಲೂ ಕೆಲವೊಮ್ಮೆ ಊತ ಬರಬಹುದು. ಎಕ್ಸ್‌ರೇ ಮತ್ತಿತರ ಪರೀಕ್ಷೆ ನೋಡಿ ವೈದ್ಯರೇ ನಿರ್ಧರಿಸಬೇಕು. ರೋಗವಿಲ್ಲದಿದ್ದರೆ, ಮುಂದೆ ಬಾರದಂತೆ ತಡೆಯುವ ಔಷಧ ಕೊಡುತ್ತಾರೆ.

ನೆಗೆಟಿವ್ ಬಂದರೂ ಪೂರ್ತಿ ನಿಶ್ಚಿಂತೆ ಬೇಡ. ರೋಗಾಣು ಹೊಕ್ಕ ಮೇಲೆ ಟಿ ಕೋಶಗಳು ಸಜ್ಜಾಗಲು 2ರಿಂದ 8 ವಾರ ಹಿಡಿಯುತ್ತದೆ. ಅಪೌಷ್ಟಿಕತೆಯಿಂದ ಬಳಲುವ ಮಗುವಿನಲ್ಲಿ, ಈಚೆಗೆ ದಡಾರ ಬಂದ ಮಗುವಿನಲ್ಲಿ ಊತ ಏಳದೆಯೂ ಇರಬಹುದು. ಅದಕ್ಕೇ ವೈದ್ಯರು ಮತ್ತೆ ಬರಹೇಳಿದರೆ ಬೇಸರಿಸಬಾರದು. ಬಿಸಿಜಿಯ ಗುರುತು ಇದೆಯೆಂದು ಸುಮ್ಮನಿರುವುದೂ ಸರಿಯಲ್ಲ. ಅದು ಎಳೆಯ ಮಕ್ಕಳನ್ನು ಮೆದುಳಿನ ಕ್ಷಯದಂತಹ ತೀವ್ರ ರೂಪಗಳಿಂದ ಕಾಪಾಡುತ್ತದೆ, ಆದರೆ ಪೂರ್ಣ ರಕ್ಷಣೆ ಕೊಡುವುದಿಲ್ಲ.

ಗಲ್ಫ್‌ಗೆ ಹೊರಟ ಮಗನಿದ್ದಾನೆ, ಮದುವೆಗೆ ಬಂದ ಮಗಳಿದ್ದಾಳೆ ಎಂದು ಕೆಮ್ಮನ್ನು ಮುಚ್ಚಿಡುವ ಮನೆಗಳಿವೆ. ಮುಚ್ಚಿಟ್ಟ ರೋಗ ಮೊದಲು ಹಿಡಿಯುವುದು ಅದೇ ಮನೆಯ ಮಗುವನ್ನು. ಕ್ಷಯ ಗುಣವಾಗುವ ರೋಗ. ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆಂದು ಕೊಡುವ ನೆರವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿಗೆ ಏರಿಸಲಾಗಿದೆ.

ಆ ಸೊಸೆ ನಾಳೆಯ ಮರುದಿನ ಕೊಡೆ ಹಿಡಿದು ಮಗುವನ್ನು ಕರೆದುಕೊಂಡು ಹೊರಡಲಿ. ಅತ್ತೆಯೂ ಜೊತೆಗೆ ಹೋದರೆ ಇನ್ನೂ ಒಳ್ಳೆಯದು. ಅಜ್ಜನ ಪಕ್ಕದಲ್ಲಿ ಅಷ್ಟು ದಿನ ಉಸಿರಾಡಿದ ಅವರ ತೋಳಿಗೂ ಆ ಪರೀಕ್ಷೆ ಬೇಕೇ ಎಂದು ಅಲ್ಲಿಯೇ ಕೇಳಿಬಿಡಬಹುದು.