ಜಟೆಗೆ ಮುನ್ನ ಒಂದು ಹಣಿಗೆ

ಹೆಣ್ಣುಮಕ್ಕಳ ತಲೆಗೂದಲಿನಲ್ಲಿ ಸಿಕ್ಕು ಬೀಳುವುದು ಯಾವ ಊರಿನಲ್ಲೂ ಸುದ್ದಿಯಲ್ಲ. ಅವ್ವನೋ ಅಕ್ಕನೋ ಹೊಸ್ತಿಲಲ್ಲಿ ಕೂರಿಸಿಕೊಂಡು, ಎರಡು ಮಾತು ಬೈದು, ಎಣ್ಣೆ ಹಚ್ಚಿ ಬಿಡಿಸುತ್ತಾರೆ, ಅಲ್ಲಿಗೆ ಮುಗಿಯಿತು. ಆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯ ಕೆಲವು ಮನೆಗಳಲ್ಲಿ ಅದೇ ಸಿಕ್ಕಿಗೆ ಬೇರೊಂದು ಅರ್ಥವಿದೆ. ನಾಲ್ಕೆಳೆ ಕೂದಲು ಹೆಣೆದುಕೊಂಡು ಬಿಡಿಸಲಾಗದ ಗಂಟಾದರೆ ‘ಜಡಿ ಬಿದ್ದಾವ’ ಎಂದು ಹಿರಿಯರು ದನಿ ತಗ್ಗಿಸುತ್ತಾರೆ. ಸವದತ್ತಿ ಗುಡ್ಡದ ಎಲ್ಲಮ್ಮ ಆ ತಲೆಯನ್ನು ತನ್ನದೆಂದು ಆರಿಸಿಕೊಂಡಳೆಂದು ನಂಬಿಕೆ. ಆ ಕ್ಷಣದಿಂದ ಹಣಿಗೆ ಹಿಂದೆ ಸರಿಯುತ್ತದೆ, ಭಂಡಾರ ಮುಂದೆ ಬರುತ್ತದೆ.

ಈ ನಾಲ್ಕು ಊರುಗಳ ಸುತ್ತಿನ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿ ನಿವೃತ್ತಳಾದವಳು ನಾನು. ಕೂದಲಿನ ಬಗ್ಗೆ ಬರೆಯುವುದಕ್ಕೆ ನನಗಿರುವ ಅರ್ಹತೆ ಒಂದು ತಪ್ಪು. 1993ರ ಮಳೆಗಾಲದಲ್ಲಿ, ಸವದತ್ತಿ ಕಡೆಯ ಹಳ್ಳಿಯೊಂದರಲ್ಲಿ, ಆರನೆಯ ಇಯತ್ತೆಯ ಹುಡುಗಿಯೊಬ್ಬಳು ವಿಷಮಶೀತ ಜ್ವರದಿಂದ ಮೂರು ವಾರ ಮಲಗಿದ್ದು ಶಾಲೆಗೆ ಮರಳಿದಳು. ಕತ್ತಿನ ಹಿಂಭಾಗದಲ್ಲಿ ಮುಷ್ಟಿಯಷ್ಟು ಕೂದಲು ಗಂಟುಕಟ್ಟಿತ್ತು. ಇಡೀ ವರ್ಗದ ಮುಂದೆ ಅವಳನ್ನು ನಿಲ್ಲಿಸಿ, “ನಾಳೆ ತಲೆ ಬಾಚಿಕೊಂಡೇ ಬರಬೇಕು, ಇಲ್ಲದಿದ್ದರೆ ಬರಬೇಡ” ಎಂದೆ. ಶಿಸ್ತು ಕಲಿಸಿದೆನೆಂಬ ಸಮಾಧಾನ ನನಗೆ. ಹುಡುಗಿ ಮರುದಿನ ಬರಲಿಲ್ಲ. ಆ ವಾರವೂ ಬರಲಿಲ್ಲ.

ತಿಂಗಳು ಕಳೆದ ಮೇಲೆ ಅವಳ ಮನೆಗೆ ಹೋದೆ. ಗಂಟಿಗೆ ಅರಿಷಿಣ ಮೆತ್ತಿ, ಊದಿನಕಡ್ಡಿ ಬೆಳಗಿದ್ದರು. ಅಜ್ಜಿ ಮರ್ಯಾದೆಯಿಂದಲೇ ಮಾತನಾಡಿದಳು. “ಅಕ್ಕೋರ, ಇದು ಹೇನಿನ ಗಂಟಲ್ರಿ. ಅವ್ವ ಬಂದು ಕುಂತಾಳ್ರಿ. ಕತ್ತರಿ ಹಚ್ಚಿದ್ರ ಮನೀಗೆ ಒಳ್ಳೇದಾಗಂಗಿಲ್ಲ.” ನನ್ನ ಬಳಿ ಉತ್ತರವಿರಲಿಲ್ಲ. ಹುಡುಗಿ ನನ್ನ ಕಡೆ ನೋಡಲಿಲ್ಲ. ಮುಂದಿನ ಭಾರತ ಹುಣ್ಣಿಮೆಯ ಸುಮಾರಿಗೆ ಅವಳಿಗೆ ಮುತ್ತು ಕಟ್ಟಿದರೆಂದು ಕೇಳಿದೆ. ದೇವದಾಸಿಯಾಗಿ ಅರ್ಪಿಸುವುದನ್ನು ನಿಷೇಧಿಸುವ ಕರ್ನಾಟಕದ ಕಾಯ್ದೆ ಬಂದದ್ದು 1982ರಲ್ಲಿ. ಅದಕ್ಕೂ ಮೊದಲೇ, ಬೆಳಗಾವಿ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ, 1934ರಲ್ಲಿ ಒಂದು ಕಾಯ್ದೆಯಾಗಿತ್ತು. ಎರಡು ಕಾಯ್ದೆಗಳು ಕಾಗದದ ಮೇಲಿದ್ದವು. ಹುಡುಗಿಯ ತಲೆಯ ಮೇಲೆ ಮೂರು ವಾರಗಳಿಂದ ಹಣಿಗೆ ಆಡಿರಲಿಲ್ಲ.

ಸಿಕ್ಕಿಗೆ ದೈವವನ್ನು ಕಂಡವರು ನಾವಷ್ಟೇ ಅಲ್ಲ. ವೈದ್ಯರು ಈ ಸ್ಥಿತಿಯನ್ನು ‘ಪ್ಲೈಕಾ ಪೊಲೊನಿಕಾ’ ಎನ್ನುತ್ತಾರೆ. ಹೆಸರಿನಲ್ಲೇ ಪೋಲೆಂಡ್ ಇದೆ. ಅಲ್ಲಿನ ಹಳ್ಳಿಗಳಲ್ಲಿ ಶತಮಾನಗಳ ಕಾಲ ಜನ ತಲೆಯ ಗಂಟನ್ನು ಹಾಗೆಯೇ ಬೆಳೆಯಗೊಟ್ಟರು. ಕತ್ತರಿಸಿದರೆ ರೋಗ ಒಳಗಿಳಿಯುತ್ತದೆ, ಕಣ್ಣು ಹೋಗುತ್ತದೆ, ಬುದ್ಧಿ ಕೆಡುತ್ತದೆ ಎಂಬ ಹೆದರಿಕೆ ಅವರದು. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರಾಕೋವ್ ನಗರದ ವೈದ್ಯ ಯೂಜೆಫ್ ಡೀಟ್ಲ್ ಇದು ರೋಗವಲ್ಲ, ಕೊಳೆ ಮತ್ತು ಹೇನುಗಳ ಫಲ ಎಂದು ಸಾರುತ್ತಾ ಬಂದ. ಅಜ್ಜಿಯ ಮಾತು ಪೋಲೆಂಡಿನ ಅಜ್ಜಿಯರದೂ ಆಗಿತ್ತೆಂದು ಓದಿದ ದಿನ ನನಗೆ ಸಿಟ್ಟು ಕಡಿಮೆಯಾಯಿತು, ನಾಚಿಕೆ ಹೆಚ್ಚಾಯಿತು.

ಗಂಟು ಹೇಗೆ ಬೀಳುತ್ತದೆ? ಕೂದಲಿನ ಎಳೆಯ ಹೊರಮೈಯಲ್ಲಿ ಮೀನಿನ ಹುರುಪೆಯಂಥ ಪದರಗಳಿವೆ. ಎಣ್ಣೆಯಂಶ ಒಣಗಿ ಅವು ಎದ್ದುನಿಂತರೆ ಒಂದೆಳೆ ಇನ್ನೊಂದಕ್ಕೆ ಕೊಕ್ಕೆ ಹಾಕುತ್ತದೆ. ಅದರ ಮೇಲೆ ಹೇನು, ನೆತ್ತಿಯ ಹುಣ್ಣಿನ ರಸಿಕೆ, ಬೆವರು, ಧೂಳು ಸೇರಿದರೆ ಉಣ್ಣೆ ಕಂಬಳಿಯಾದಂತೆ ಕೂದಲು ಒತ್ತಿಕೊಳ್ಳುತ್ತದೆ. ನಮ್ಮ ಸೀಮೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಬೈಲಹೊಂಗಲದ ಸುತ್ತ ಹತ್ತಿ ಬಿಡಿಸುವ ಹೆಂಗಸರ ತಲೆಯಲ್ಲಿ ಸಂಜೆಗೆ ಅರಳೆಯ ಎಳೆಗಳು ಸಿಕ್ಕಿರುತ್ತವೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಮೈ ಸಾಬೂನು ನೊರೆಯಾಗುವುದಿಲ್ಲ. ನೀರಿನ ಸುಣ್ಣದೊಡನೆ ಕೂಡಿ ಅಂಟು ಬೂದಿಯಾಗಿ ಕೂದಲಿಗೆ ಹತ್ತುತ್ತದೆ. ಜ್ವರದಲ್ಲಿ ಮಲಗಿದ ಮಕ್ಕಳು, ಬಾಣಂತಿಯರು, ಮನಸ್ಸು ಕುಗ್ಗಿ ತಿಂಗಳುಗಟ್ಟಲೆ ತಲೆಯನ್ನೇ ಮುಟ್ಟಿಕೊಳ್ಳದ ಹೆಂಗಸರು ಇದಕ್ಕೆ ಬೇಗ ಈಡಾಗುತ್ತಾರೆ. ಕೊನೆಯವರ ಪಾಡು ಘೋರ. ಖಿನ್ನತೆಗೆ ಚಿಕಿತ್ಸೆ ಬೇಕಾದ ಹೆಣ್ಣಿಗೆ ಪೂಜೆ ಸಿಗುತ್ತದೆ. ರೋಗ ಜಟೆಯ ಮರೆಯಲ್ಲಿ ಕೂರುತ್ತದೆ.

ಹುಟ್ಟುಗುಂಗುರಿನ ಕೂದಲಿಗೆ ಈ ಅಪಾಯ ಇನ್ನೂ ಹೆಚ್ಚು. ನೆತ್ತಿಯ ಜಿಡ್ಡು ಸುರುಳಿಯ ತಿರುವುಗಳನ್ನು ದಾಟಿ ತುದಿಗೆ ತಲುಪುವುದು ಕಷ್ಟ, ಹಾಗಾಗಿ ತುದಿ ಸದಾ ಒಣ. ಅಂಥ ಕೂದಲನ್ನು ಒಣಗಿದಾಗ ಸಣ್ಣ ಹಲ್ಲಿನ ಹಣಿಗೆಯಿಂದ ಎಳೆಯುವುದೆಂದರೆ ಮಗುವಿಗೆ ಹಿಂಸೆ, ಕೂದಲಿಗೆ ಕೇಡು. ಅಮೆರಿಕದಲ್ಲಿ ಕಪ್ಪು ಜನರ ಸಹಜ ಕೂದಲನ್ನು ಕಾರಣಮಾಡಿ ಶಾಲೆಯಲ್ಲೋ ಕೆಲಸದಲ್ಲೋ ಭೇದ ತೋರುವುದನ್ನು ಕ್ಯಾಲಿಫೋರ್ನಿಯಾ ರಾಜ್ಯ 2019ರಲ್ಲಿ ಕಾಯ್ದೆಯಿಂದಲೇ ನಿಷೇಧಿಸಿತು. ಗುಂಗುರು ಕೂದಲಿನ ಮಕ್ಕಳನ್ನು ‘ಗುಬ್ಬಿಗೂಡು’ ಎಂದು ಕರೆದ ಶಿಕ್ಷಕರಲ್ಲಿ ನಾನೂ ಒಬ್ಬಳು. (ಎಣ್ಣೆ ಹಚ್ಚಿದ ಎರಡು ಜಡೆ, ಕೆಂಪು ರಿಬ್ಬನ್ನಿನ ಶಾಲಾ ನಿಯಮವನ್ನು ಈಗ ಹಳಿಯುವವರಿದ್ದಾರೆ. ಆದರೆ ಕೂದಲು ಸಿಕ್ಕಾಗದಂತೆ ಕಾಯುವುದರಲ್ಲಿ ಅದಕ್ಕೆ ಸಮನಾದದ್ದು ಕಡಿಮೆ.)

ಹಾಗಾದರೆ ತಲೆಗೆ ಏನು ಹಚ್ಚಬೇಕು? ಅಂಗಡಿಯಲ್ಲಿ ನೇತಾಡುವ ಚೀಟುಗಳ ಸಾಲು ನೋಡಿದರೆ ಯಾರಿಗಾದರೂ ಗಲಿಬಿಲಿಯಾದೀತು. ನನ್ನ ಅನುಭವದಲ್ಲಿ ಮೊದಲ ಸ್ಥಾನ ಕೊಬ್ಬರಿ ಎಣ್ಣೆಗೇ. ಇದು ಬರೀ ಅಜ್ಜಿಯ ಮಾತಲ್ಲ. ಖನಿಜ ತೈಲಕ್ಕೂ ಸೂರ್ಯಕಾಂತಿ ಎಣ್ಣೆಗೂ ಹೋಲಿಸಿದಾಗ ಕೊಬ್ಬರಿ ಎಣ್ಣೆಯೊಂದೇ ಕೂದಲಿನ ಪ್ರೋಟೀನು ಸವೆಯುವುದನ್ನು ಗಮನಾರ್ಹವಾಗಿ ತಗ್ಗಿಸಿತೆಂದು 2003ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದು ತೋರಿಸಿತು. ಅದು ಎಳೆಯ ಒಳಕ್ಕೂ ಇಳಿಯುತ್ತದೆ. ಶೀಗೆಕಾಯಿ, ಅಂಟುವಾಳ ಒಳ್ಳೆಯವೇ. ಗಡಸು ನೀರಿನಲ್ಲೂ ಸಾಬೂನಿನಂತೆ ಬೂದಿ ಬಿಡುವುದಿಲ್ಲ. ಆದರೆ ಸಿಕ್ಕಿದ್ದ ತಲೆಗೆ ಪುಡಿಯನ್ನು ಹಾಕಿ ತಿಕ್ಕಿದರೆ ತರಿಯೆಲ್ಲ ಗಂಟಿನೊಳಗೆ ಕೂತು ಅದನ್ನು ಗಟ್ಟಿಮಾಡುತ್ತದೆ. ಕುದಿಸಿ ಸೋಸಿದ ನೀರೇ ಬೇಕು. ಗಡಸು ನೀರಿನ ಊರಿನಲ್ಲಿ ಸಾಬೂನಿಗಿಂತ ಸಾದಾ ಶಾಂಪೂ ಮೇಲು, ಅದರ ನಂತರ ಕಂಡಿಷನರ್ ಇದ್ದರೆ ಇನ್ನೂ ಮೇಲು. ಸೀಸೆಯ ಮುಂಭಾಗದಲ್ಲಿ ಗಿಡಮೂಲಿಕೆಯ ಚಿತ್ರವಿದ್ದ ಮಾತ್ರಕ್ಕೆ ಹೆಚ್ಚು ಹಣ ಕೊಡಬೇಕಾಗಿಲ್ಲ. ಹಿಂಭಾಗದ ಸಣ್ಣ ಅಕ್ಷರ ಓದಿದರೆ ಬಹುಪಾಲು ಅದೇ ಮಾರ್ಜಕ, ಕೊನೆಯಲ್ಲಿ ಚೂರು ಮೂಲಿಕೆ. ಮತ್ತೊಂದು ಮಾತು: ಉದ್ದ ಕೂದಲನ್ನು ನೆತ್ತಿಯ ಮೇಲೆ ಗುಪ್ಪೆಹಾಕಿ ಶಾಂಪೂವಿನಿಂದ ಗರಗರ ತಿಕ್ಕಿದಾಗ ಒಂದೇ ಸ್ನಾನದಲ್ಲಿ ತಲೆ ಗಂಟಾದ ಪ್ರಸಂಗಗಳು ವೈದ್ಯ ಪತ್ರಿಕೆಗಳಲ್ಲಿ ದಾಖಲಾಗಿವೆ. ತಿಕ್ಕಬೇಕಾದದ್ದು ನೆತ್ತಿಯನ್ನು, ಕೂದಲಿಗೆ ಇಳಿದುಹೋಗುವ ನೊರೆಯೇ ಸಾಕು.

ಇಷ್ಟು ಹೇಳಿದ ಮೇಲೆ ಕತ್ತರಿಯ ವಿಷಯಕ್ಕೂ ಬರಬೇಕು. 1989ರಲ್ಲಿ ನರೇಂದ್ರ ದಾಭೋಲ್ಕರ್ ಕಟ್ಟಿದ ಮಹಾರಾಷ್ಟ್ರದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತರು ಅಲ್ಲಿನ ಹೆಂಗಸರ ಮನವೊಲಿಸಿ ಜಟೆ ತೆಗೆಯುವ ಕೆಲಸವನ್ನು ವರ್ಷಗಳಿಂದ ಮಾಡಿದ್ದಾರೆ. ಭಾರ ಇಳಿದು ಕತ್ತುನೋವು ಹೋದ ಹೆಂಗಸರಿಗೆ ಅದರ ಬೆಲೆ ಗೊತ್ತು. ಆದರೆ ಒಲಿಸುವುದು ಬೇರೆ, ಹಿಡಿದು ಕತ್ತರಿಸುವುದು ಬೇರೆ. ಎಲ್ಲಮ್ಮನ ಜೋಗತಿಯರೊಡನೆ ಇದ್ದು ಅಧ್ಯಯನ ಮಾಡಿದ ಅಮೆರಿಕದ ಮಾನವಶಾಸ್ತ್ರಜ್ಞೆ ಲುಸಿಂಡಾ ರ‍್ಯಾಂಬರ್ಗ್ 2014ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಜಟೆ ಕತ್ತರಿಸುವ ಸುಧಾರಣೆಯನ್ನೇ ಪ್ರಶ್ನಿಸುತ್ತಾರೆ. ಅವರ ಎಲ್ಲ ಮಾತನ್ನೂ ನಾನು ಒಪ್ಪಲಾರೆ. ಹನ್ನೊಂದು ವರ್ಷದ ಹುಡುಗಿಯ ತಲೆಯನ್ನು ಕಂಡವಳು ನಾನು. ಆದರೆ ಮೂವತ್ತು ವರ್ಷ ಜಟೆ ಹೊತ್ತು, ಅದರ ಬಲದಿಂದಲೇ ಜೋಗ ಬೇಡಿ ಬದುಕಿದ ಮುದುಕಿಯ ತಲೆಗೆ ಕತ್ತರಿ ಹಾಕುವ ಹಕ್ಕು ಯಾರಿಗೂ ಇಲ್ಲ. ಬೆಂಗಳೂರಿನ ಸಲೂನುಗಳಲ್ಲಿ ಸಾವಿರಾರು ರೂಪಾಯಿ ಕೊಟ್ಟು ಇಂಥದೇ ಜಟೆ ಕಟ್ಟಿಸಿಕೊಳ್ಳುವವರನ್ನು ನಾವು ಹಿಡಿದು ಬೋಳಿಸುವುದಿಲ್ಲವಲ್ಲ.

2011ರಲ್ಲಿ ನನಗೆ ಇನ್ನೊಂದು ಅವಕಾಶ ಸಿಕ್ಕಿತು. ರಾಮದುರ್ಗದ ಕಡೆ, ನೇಕಾರರ ಮನೆಯ ಹುಡುಗಿ. ತಾಯಿ ಬೆಳಗಾದರೆ ಮಗ್ಗಕ್ಕೆ ಕೂರುವವಳು. ಮಗಳ ಒತ್ತಾದ ಗುಂಗುರು ಕೂದಲಿಗೆ ಬೇಕಾದ ಅರ್ಧ ತಾಸು ಆ ಮನೆಯಲ್ಲಿ ಯಾರ ಬಳಿಯೂ ಇರಲಿಲ್ಲ. ಕಿವಿಯ ಹಿಂದೆ ಎರಡು ಗಂಟು ಬಿದ್ದಿದ್ದವು. ಈ ಸಲ ವರ್ಗದಲ್ಲಿ ನಾನು ಏನೂ ಅನ್ನಲಿಲ್ಲ. ಸಂಜೆ ಮನೆಗೆ ಹೋಗಿ ಅಜ್ಜಿಯ ಪಕ್ಕ ಕೂತೆ. “ಆಯೀ, ಅವ್ವ ಬಂದಿದ್ರ ಬರ್ಲಿ. ನಾನು ಕತ್ತರಿ ತಂದಿಲ್ಲ, ಎಣ್ಣಿ ತಂದೀನಿ. ಎಣ್ಣಿ ಹಚ್ಚಿದ್ರ ಅವ್ವ ಸಿಟ್ಟಾಗ್ತಾಳೇನು?” ಮುದುಕಿ ಬಹಳ ಹೊತ್ತು ಯೋಚಿಸಿದಳು. ಗುಡ್ಡದ ಮೇಲೆ ಎಣ್ಣೆಹೊಂಡವೇ ಇದೆಯಲ್ಲ, ಅದರಲ್ಲಿ ಮಿಂದೇ ಅಲ್ಲವೇ ಅವ್ವನ ದರ್ಶನಕ್ಕೆ ಹೋಗುವುದು ಎಂದು ತಾನೇ ಹೇಳಿದಳು.

ಮೂರು ಸಂಜೆ ಹಿಡಿಯಿತು. ಮೊದಲ ಸಂಜೆ ಗಂಟಿಗೆ ಕೊಬ್ಬರಿ ಎಣ್ಣೆ ಊಡಿಸಿ ಬಟ್ಟೆ ಕಟ್ಟಿ ಬಂದೆ. ಎರಡನೆಯ ಸಂಜೆ ಬೆರಳುಗಳಿಂದಲೇ ಒಂದೊಂದೆಳೆಯಾಗಿ ಸಡಿಲಿಸಿದೆ. ಬುಡದ ಹತ್ತಿರ ಕೂದಲನ್ನು ಬಿಗಿಯಾಗಿ ಹಿಡಿದುಕೊಂಡರೆ ಎಳೆತ ನೆತ್ತಿಗೆ ತಾಗುವುದಿಲ್ಲ, ಮಗು ಅಳುವುದಿಲ್ಲ. ಆಮೇಲೆ ಕಿತ್ತೂರಿನ ಸಂತೆಯಲ್ಲಿ ಕೊಂಡಿದ್ದ ಅಗಲ ಹಲ್ಲಿನ ಮರದ ಹಣಿಗೆ, ತುದಿಯಿಂದ ಮೇಲಕ್ಕೆ, ಎರಡೆರಡು ಬೆರಳಿನಷ್ಟು. ಹೇನೂ ಇದ್ದವು. ವೈದ್ಯರು ಬರೆದುಕೊಟ್ಟ ಪರ್ಮೆತ್ರಿನ್ ದ್ರಾವಣವನ್ನು ಮೂರನೆಯ ಸಂಜೆ ಗಂಟು ಬಿಟ್ಟ ಮೇಲೆ ಹಚ್ಚಿ, ವಾರ ಕಳೆದು ಮತ್ತೊಮ್ಮೆ ಹಚ್ಚಿದೆವು. ಮನೆಯಲ್ಲಿ ಹೇನಿರುವವರೆಲ್ಲರಿಗೂ ಹಚ್ಚದೆ ಹೋದರೆ ಅದು ವ್ಯರ್ಥ. ಒಂದು ಗಂಟು ಪೂರ್ತಿ ಬಿಟ್ಟಿತು. ಇನ್ನೊಂದರ ನಡುವಿನ ಹೆಬ್ಬೆರಳಿನಷ್ಟು ಭಾಗ ಬಿಡಲೇ ಇಲ್ಲ. ನಾನು ಕೈ ಚೆಲ್ಲಿ ಕೂತಾಗ ಒಳಗಿಂದ ಕತ್ತರಿ ತಂದವಳು ಅಜ್ಜಿಯೇ. ತಾನೇ ಕತ್ತರಿಸಿದಳು. ಆ ಚೂರನ್ನು ಅರಿಷಿಣ ಹಚ್ಚಿದ ಅರಿವೆಯಲ್ಲಿ ಕಟ್ಟಿ, ಬನದ ಹುಣ್ಣಿಮೆಗೆ ಗುಡ್ಡಕ್ಕೆ ಒಯ್ದು ಒಪ್ಪಿಸುತ್ತೇನೆ ಎಂದಳು. ನಾನು ಬೇಡವೆನ್ನಲಿಲ್ಲ.

ಹೊರಡುವಾಗ ಉಳಿದಿದ್ದ ಎರಡು ಕಂಡಿಷನರ್ ಚೀಟುಗಳನ್ನು ಕಟ್ಟೆಯ ಮೇಲೆ ಇಟ್ಟೆ. ಮುದುಕಿ ಒಂದನ್ನು ಎತ್ತಿ ಮೂಸಿ ನೋಡಿ, ಇದನ್ನು ನರೆತ ಕೂದಲಿಗೂ ಹಚ್ಚಬಹುದೇನ್ರಿ ಅಕ್ಕೋರ ಎಂದು ಕೇಳಿದಳು.