ಮನಸ್ಸಿಲ್ಲದ ಮುಯ್ಯಿ

ತಿಂಗಳ ಕೊನೆಯ ವಾರ. ಕಚೇರಿಯಲ್ಲಿ ಯಾರಿಗೋ ವರ್ಗವಾಗಿದೆ, ಇಲ್ಲವೇ ಯಾರೋ ನಿವೃತ್ತರಾಗುತ್ತಿದ್ದಾರೆ. ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಉತ್ಸಾಹಿಗಳೊಬ್ಬರು ಒಂದು ಹಾಳೆ ಹಿಡಿದು ಮೇಜಿನಿಂದ ಮೇಜಿಗೆ ಬರುತ್ತಾರೆ. ಎಡಗಡೆ ಹೆಸರು, ಬಲಗಡೆ ರೂಪಾಯಿ, ಕೊನೆಯಲ್ಲಿ ಸಹಿ. ಶಾಲು, ಹಾರ, ಹಣ್ಣಿನ ಬುಟ್ಟಿ, ಜೊತೆಗೊಂದು ನೆನಪಿನ ಕಾಣಿಕೆ. ಬಂದವರಿಗೆಲ್ಲ ಮೈಸೂರುಪಾಕು, ಖಾರಾಬೂಂದಿ, ಕಾಫಿ. ಈಚೆಗೆ ಹಾಳೆಯ ಜಾಗಕ್ಕೆ ವಾಟ್ಸಾಪ್ ಗುಂಪು, ನೋಟಿನ ಜಾಗಕ್ಕೆ ಯುಪಿಐ ಬಂದಿದೆ. ಪದ್ಧತಿ ಮಾತ್ರ ಅದೇ.

ಹೋಗುತ್ತಿರುವವರು ನಮಗೆ ಬೇಕಾದವರಾದರೆ ತೊಂದರೆಯೇ ಇಲ್ಲ. ನಮಗೆ ಸರಿಬೀಳದವರಾದರೆ? ಮೇಲಿನವರ ಬಳಿ ನಮ್ಮ ಮೇಲೆ ಚಾಡಿ ಹೇಳಿದವರು, ನಾವು ಮಾಡಿದ ಕೆಲಸವನ್ನು ತಮ್ಮದೆಂದು ತೋರಿಸಿಕೊಂಡವರು, ನಮಸ್ಕಾರಕ್ಕೆ ಪ್ರತಿನಮಸ್ಕಾರ ಹೇಳದವರು. ಅವರ ಶಾಲಿಗೆ ನಾವೇಕೆ ದುಡ್ಡು ಕೊಡಬೇಕು? ಕೊಟ್ಟರೆ ಬೂಟಾಟಿಕೆ ಎನಿಸುತ್ತದೆ, ಕೊಡದಿದ್ದರೆ ಸಣ್ಣತನ ಎನಿಸುತ್ತದೆ. ಮೊತ್ತ ದೊಡ್ಡದಲ್ಲ, ಆದರೂ ಆ ಹಾಳೆಯ ಮುಂದೆ ಪೆನ್ನು ಹಿಡಿದು ತಡವರಿಸದವರು ಕಡಿಮೆ.

ನಾನೂ ಒಮ್ಮೆ ತಡವರಿಸಿದವನೇ. ತಾಲ್ಲೂಕು ಕೇಂದ್ರವೊಂದರ ಕಚೇರಿಯಲ್ಲಿ ಗುಮಾಸ್ತನಾಗಿದ್ದ ದಿನಗಳು. ತಾಯಿ ಆಸ್ಪತ್ರೆಯಲ್ಲಿದ್ದಾಗ ನಾಲ್ಕು ದಿನದ ರಜೆ ಕೇಳಿದ್ದಕ್ಕೆ ಅರ್ಜಿಯನ್ನು ಹಿಂದಕ್ಕೆ ತಳ್ಳಿದ್ದ ಅಧಿಕಾರಿಗೆ ವರ್ಗವಾಯಿತು. ಲಿಸ್ಟು ಬಂತು. ಎಲ್ಲರೂ ಇಪ್ಪತ್ತೈದು ರೂಪಾಯಿ ಬರೆದಿದ್ದರು. ನಾನು ಬೇಕೆಂದೇ ದಪ್ಪ ಅಕ್ಷರದಲ್ಲಿ ‘ಹತ್ತು’ ಎಂದು ಬರೆದೆ. ದೊಡ್ಡದೊಂದು ಪ್ರತಿಭಟನೆ ಮಾಡಿದ ಸಮಾಧಾನವಾಯಿತು.

ಸ್ವಲ್ಪ ಹೊತ್ತಿಗೆ ನಮ್ಮ ಅಟೆಂಡರು ಬಂದು ನಿಂತರು. ನನಗಿಂತ ಇಪ್ಪತ್ತು ವರ್ಷ ಹಿರಿಯರು. “ಸಾರ್, ಇಪ್ಪತ್ತೈದು ರೂಪಾಯಿ ಇದ್ರೆ ಕೊಡಿ ಸಾರ್, ಒಂದನೇ ತಾರೀಕು ಕೊಡ್ತೀನಿ” ಎಂದರು. ಏತಕ್ಕೆ ಎಂದು ಕೇಳಿದೆ. ಸಾಹೇಬರ ಲಿಸ್ಟಿಗೆ. “ನಾನು ಹತ್ತೇ ಬರೆದಿಲ್ವಾ, ನೀವೂ ಅಷ್ಟೇ ಬರೀರಿ” ಎಂದೆ. ಅವರು ನಕ್ಕರು. “ನೀವು ಬರೀಬಹುದು ಸಾರ್” ಎಂದರು.

ನನ್ನ ಹತ್ತು ರೂಪಾಯಿಯ ಸಿಟ್ಟು ಆ ಅಧಿಕಾರಿಗೆ ತಲುಪಲೇ ಇಲ್ಲ. ಅವರು ಬೆಳ್ಳಿಯ ದೀಪ ತೆಗೆದುಕೊಂಡು ಹೊರಟುಹೋದರು. ಆದರೆ ಅಟೆಂಡರ ಆ ಒಂದು ಮಾತು ನನ್ನಲ್ಲಿ ಉಳಿಯಿತು. ಈ ವಂತಿಗೆ ಎಂಬುದು ಏನು? ಉಡುಗೊರೆಯೋ, ಸಾಲವೋ, ತೆರಿಗೆಯೋ?

ನಮ್ಮ ಭಾಷೆಯಲ್ಲಿ ಇದಕ್ಕೆ ಹತ್ತಿರದ ಒಂದು ಹಳೆಯ ಪದವಿದೆ: ಮುಯ್ಯಿ. ಹಿಂದೆ ನಮ್ಮ ಹಳ್ಳಿಗಳ ಮದುವೆಗಳಲ್ಲಿ ಧಾರೆಯಾದ ಮೇಲೆ ಒಬ್ಬರು ಪುಸ್ತಕ ಹಿಡಿದು ಚಪ್ಪರದಲ್ಲಿ ಕೂರುತ್ತಿದ್ದರು. ಇಂಥ ಊರಿನ ಇಂಥವರು ಇಷ್ಟು ಮುಯ್ಯಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಬರೆದುಕೊಳ್ಳುತ್ತಿದ್ದರು. ಆ ಪುಸ್ತಕ ಮನೆಯ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತಿತ್ತು. ಕೊಟ್ಟವರ ಮನೆಯಲ್ಲಿ ಮುಂದೆ ಶುಭಕಾರ್ಯವಾದಾಗ ಪುಸ್ತಕ ತೆಗೆದು ನೋಡಿ, ಅಷ್ಟಕ್ಕೆ ಸ್ವಲ್ಪ ಸೇರಿಸಿ ಹಿಂತಿರುಗಿಸಬೇಕು. ಒಂದು ಮದುವೆಯ ಖರ್ಚನ್ನು ಹತ್ತು ಮನೆಗಳು ಹೊತ್ತುಕೊಳ್ಳುವ, ಬ್ಯಾಂಕಿಲ್ಲದ ಕಾಲದ ಉಳಿತಾಯ ಯೋಜನೆ ಅದು. ಹೊಲಗದ್ದೆಗಳಲ್ಲೂ ಇದೇ ಲೆಕ್ಕ. ಇಂದು ನಿಮ್ಮ ಗದ್ದೆಯ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು; ಅದಕ್ಕೆ ಮುಯ್ಯಾಳು ಎಂದು ಹೆಸರು.

ಇದೇ ಪದಕ್ಕೆ ಇನ್ನೊಂದು ಮುಖವೂ ಇದೆ. ಮುಯ್ಯಿಗೆ ಮುಯ್ಯಿ ಎಂದರೆ ಸೇಡು. ‘ಮುಯ್ಯಿ ತೀರಿಸುತ್ತೇನೆ’ ಎಂದು ಒಬ್ಬ ಹೇಳಿದರೆ ಅವನ ಕೈಯಲ್ಲಿರುವುದು ಉಡುಗೊರೆಯೋ ದೊಣ್ಣೆಯೋ ಎಂದು ನೋಡಿ ಅರ್ಥ ಮಾಡಿಕೊಳ್ಳಬೇಕು! ಪಡೆದದ್ದನ್ನು ಹಿಂತಿರುಗಿಸುವುದು ಎಂಬುದೇ ಮೂಲ ಭಾವ; ಪಡೆದದ್ದು ಒಳಿತಾದರೆ ಒಳಿತು, ಕೆಡುಕಾದರೆ ಕೆಡುಕು.

ಇಂಥ ಸೋಜಿಗ ಕನ್ನಡಕ್ಕೆ ಮಾತ್ರ ಸೇರಿದ್ದಲ್ಲ. ಇಂಗ್ಲಿಷಿನಲ್ಲಿ ‘ಗಿಫ್ಟ್’ ಎಂದರೆ ಉಡುಗೊರೆ. ಅದೇ ಮೂಲದ ಪದಕ್ಕೆ ಇಂದಿನ ಜರ್ಮನ್ ಭಾಷೆಯಲ್ಲಿ ವಿಷ ಎಂದರ್ಥ. ಫ್ರಾನ್ಸಿನ ವಿದ್ವಾಂಸ ಮಾರ್ಸೆಲ್ ಮೋಸ್ (1872–1950) ಈ ಪದದ ಮೇಲೆಯೇ 1924ರಲ್ಲಿ ಒಂದು ಪುಟ್ಟ ಲೇಖನ ಬರೆದರು. ಮರುವರ್ಷ ಪ್ರಕಟವಾದ, ಉಡುಗೊರೆಯನ್ನು ಕುರಿತ ಅವರ ದೀರ್ಘ ಪ್ರಬಂಧ ಇಂದಿಗೂ ಮಾನವಶಾಸ್ತ್ರದ ವಿದ್ಯಾರ್ಥಿಗಳಿಗೆ ಪಠ್ಯ. ಪೆಸಿಫಿಕ್ ದ್ವೀಪಗಳು, ಅಮೆರಿಕದ ವಾಯವ್ಯ ಕರಾವಳಿ, ಪ್ರಾಚೀನ ರೋಮ್, ನಮ್ಮ ಮಹಾಭಾರತದ ಅನುಶಾಸನ ಪರ್ವ, ಇಷ್ಟನ್ನೂ ನೋಡಿ ಅವರು ಹೇಳಿದ್ದು ಇಷ್ಟು: ಉಡುಗೊರೆ ಮೇಲುನೋಟಕ್ಕೆ ಸ್ವಂತ ಇಚ್ಛೆಯದು, ಒಳಗೆ ಕಡ್ಡಾಯದ್ದು. ಕೊಡಬೇಕು, ಕೊಟ್ಟದ್ದನ್ನು ತೆಗೆದುಕೊಳ್ಳಬೇಕು, ತೆಗೆದುಕೊಂಡದ್ದನ್ನು ಹಿಂತಿರುಗಿಸಬೇಕು. ಈ ಮೂರರಲ್ಲಿ ಒಂದನ್ನು ನಿರಾಕರಿಸಿದರೂ ಸಂಬಂಧವನ್ನೇ ನಿರಾಕರಿಸಿದಂತೆ.

ಪ್ರೀತಿ ಇದ್ದರೆ ಮಾತ್ರ ಉಡುಗೊರೆ ಎಂಬ ನಮ್ಮ ಎಣಿಕೆಯನ್ನು ಮೋಸ್ ವರ್ಣಿಸಿದ ‘ಪಾಟ್‌ಲ್ಯಾಚ್’ ತಲೆಕೆಳಗು ಮಾಡುತ್ತದೆ. ಇದು ಅಮೆರಿಕ ಖಂಡದ ವಾಯವ್ಯ ಕರಾವಳಿಯ ಮೂಲನಿವಾಸಿಗಳ ಔತಣ. ಅಲ್ಲಿ ನಾಯಕರು ತಮ್ಮ ಎದುರಾಳಿಗಳಿಗೇ ರಾಶಿ ರಾಶಿ ಕಂಬಳಿ, ತಾಮ್ರದ ಫಲಕ ಕೊಟ್ಟು, ಇಷ್ಟು ನೀನು ಹಿಂದಿರುಗಿಸಬಲ್ಲೆಯಾ ಎಂದು ಸವಾಲು ಹಾಕುತ್ತಿದ್ದರು. ಕೆನಡಾ ಸರ್ಕಾರ 1885ರಿಂದ 1951ರವರೆಗೆ ಇದನ್ನು ಕಾನೂನಿನಿಂದ ನಿಷೇಧಿಸಿತ್ತು. ಇಷ್ಟವಿಲ್ಲದವರಿಗೆ ಉಡುಗೊರೆ ಕೊಡುವುದು ನಮ್ಮ ಕಚೇರಿಗಳು ಕಂಡುಹಿಡಿದ ಸಂಕಟವೇನಲ್ಲ ಎಂದಾಯಿತು.

ಹಾಗಾದರೆ ಕಚೇರಿಯ ಲಿಸ್ಟು ಮುಯ್ಯಿಯೇ? ಹೌದು, ಆದರೆ ಒಂದು ವ್ಯತ್ಯಾಸವಿದೆ. ಮದುವೆಯ ಮುಯ್ಯಿ ಎರಡು ಮನೆಗಳ ನಡುವಿನ ಲೆಕ್ಕ. ಕಚೇರಿಯ ವಂತಿಗೆ ಒಬ್ಬರಿಗೂ ಗುಂಪಿಗೂ ನಡುವಿನ ಲೆಕ್ಕ. ಇಂದು ನಾವು ಕೊಟ್ಟದ್ದನ್ನು ವರ್ಗವಾಗಿ ಹೋದವರು ನಮಗೆ ಹಿಂತಿರುಗಿಸುವುದಿಲ್ಲ. ನಮ್ಮ ಸರದಿ ಬಂದಾಗ ಉಳಿದವರು ಹಿಂತಿರುಗಿಸುತ್ತಾರೆ. ಚೀಟಿ ಕಟ್ಟುವವರಿಗೆ ಇದು ಬೇಗ ಅರ್ಥವಾಗುತ್ತದೆ. ಈ ತಿಂಗಳು ಚೀಟಿ ಎತ್ತಿದವರು ನಮಗೆ ಇಷ್ಟವಿಲ್ಲ ಎಂದು ಯಾರೂ ಕಂತು ನಿಲ್ಲಿಸುವುದಿಲ್ಲ. ಕಂತು ಆ ಮನುಷ್ಯನಿಗಲ್ಲ, ಚೀಟಿಗೆ.

ಹೀಗೆ ನೋಡಿದರೆ ‘ಬೇಡದವರಿಗೆ ಕೊಡುವುದು ಬೂಟಾಟಿಕೆಯಲ್ಲವೇ’ ಎಂಬ ಪ್ರಶ್ನೆಯ ಅರ್ಧ ಭಾರ ಇಳಿಯುತ್ತದೆ. ನಾವು ಆ ವ್ಯಕ್ತಿಯನ್ನು ಮೆಚ್ಚಿದೆವೆಂದು ಹೇಳುತ್ತಿಲ್ಲ. ಈ ಕಚೇರಿಯಿಂದ ಯಾರೂ ಬರಿಗೈಯಲ್ಲಿ ಹೋಗಬಾರದು ಎನ್ನುವ ಕ್ರಮವನ್ನು ಒಪ್ಪುತ್ತಿದ್ದೇವೆ, ಅಷ್ಟೆ. ಮಾತುಬಿಟ್ಟ ದಾಯಾದಿಯ ಮನೆಯ ಮದುವೆಗೆ ತಾವು ಹೋಗದಿದ್ದರೂ ಹುಡುಗನ ಕೈಯಲ್ಲಿ ಮುಯ್ಯಿ ಕಳುಹಿಸಿಕೊಡುತ್ತಿದ್ದ ಹಿರಿಯರನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಅವರಿಗೆ ಜಗಳ ಬೇರೆ, ಮುಯ್ಯಿ ಬೇರೆ.

ಆದರೆ ಉಳಿದ ಅರ್ಧ ಭಾರ? ಅದು ನಮ್ಮ ಅಟೆಂಡರ ಮಾತಿನಲ್ಲಿತ್ತು. ಮುಯ್ಯಿ ಸರೀಕರ ನಡುವೆ ನಡೆಯಬೇಕಾದ ವ್ಯವಹಾರ. ಕೆಳಗಿನಿಂದ ಮೇಲಕ್ಕೆ ಹರಿದಾಗ ಅದಕ್ಕೆ ಬೇರೆ ಹೆಸರುಗಳಿವೆ: ಕಾಣಿಕೆ, ನಜರು, ಡಾಲಿ. ಕ್ರಿಸ್‌ಮಸ್ ಬಂತೆಂದರೆ ಬಿಳಿಯ ಸಾಹೇಬರ ಬಂಗಲೆಗೆ ಕೈಕೆಳಗಿನವರು, ಗುತ್ತಿಗೆದಾರರು ಹಣ್ಣುಹಂಪಲಿನ ತಟ್ಟೆ ಹೊತ್ತು ಹೋಗುತ್ತಿದ್ದರು, ಅದೇ ಡಾಲಿ. ಈಸ್ಟ್ ಇಂಡಿಯಾ ಕಂಪನಿಯ ನೌಕರರು ಉಡುಗೊರೆಗಳಿಂದಲೇ ಕೊಬ್ಬಿದ್ದನ್ನು ಕಂಡು ಬ್ರಿಟಿಷ್ ಪಾರ್ಲಿಮೆಂಟು 1773ರ ರೆಗ್ಯುಲೇಟಿಂಗ್ ಕಾಯಿದೆಯಲ್ಲಿ ಅದನ್ನು ನಿಷೇಧಿಸಬೇಕಾಯಿತು. ಮುಂದೆ ದರ್ಬಾರುಗಳಲ್ಲಿ ಅಧಿಕಾರಿಗಳು ನಜರನ್ನು ಮುಟ್ಟಿ ಹಿಂದಕ್ಕೆ ಕೊಡುವ ಕ್ರಮ ಬಂತು. ಗೌರವ ಸಂದಿತು, ಹಣ ಉಳಿಯಿತು!

ಸಹೋದ್ಯೋಗಿಗಳಿಂದ ವಂತಿಗೆ ಎತ್ತುವುದರ ಅಪಾಯವನ್ನು ಸರ್ಕಾರಗಳು ಗುರುತಿಸಿ ಬಹಳ ಕಾಲವಾಯಿತು. ಅಮೆರಿಕದಲ್ಲಿ 1870ರಷ್ಟು ಹಿಂದೆಯೇ, ಮೇಲಧಿಕಾರಿಗೆ ಉಡುಗೊರೆ ಕೊಡಲು ಸರ್ಕಾರಿ ನೌಕರರು ಒಬ್ಬರಿಂದೊಬ್ಬರು ಹಣ ಕೇಳುವುದನ್ನು ನಿಷೇಧಿಸುವ ಕಾನೂನಾಯಿತು. ತಪ್ಪಿದವರಿಗೆ ಕೆಲಸದಿಂದ ವಜಾ. ಈಗಿನ ಅಲ್ಲಿನ ನಿಯಮಗಳು ಮದುವೆ, ನಿವೃತ್ತಿಗಳಂಥ ಸಂದರ್ಭಕ್ಕೆ ಸ್ವಇಚ್ಛೆಯ ಅಲ್ಪ ವಂತಿಗೆಗೆ ಅವಕಾಶ ಕೊಡುತ್ತವೆ. ಆದರೆ ಇಷ್ಟು ಕೊಡಿ ಎಂದು ಸೂಚಿಸುವುದಾದರೆ, ಕಡಿಮೆ ಕೊಡಬಹುದು, ಕೊಡದೆಯೂ ಇರಬಹುದು ಎಂದು ಜೊತೆಯಲ್ಲೇ ತಿಳಿಸಬೇಕು.

ನಮ್ಮ ದೇಶದಲ್ಲೂ ಇಂಥ ನಿಯಮವಿದೆ ಎಂಬುದು ಅನೇಕ ನೌಕರರಿಗೇ ತಿಳಿದಿಲ್ಲ. 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳ 14ನೆಯ ನಿಯಮ ವರ್ಗಾವಣೆ, ನಿವೃತ್ತಿಯ ಸಂದರ್ಭದಲ್ಲಿ ಖಾಸಗಿಯಾದ, ಅನೌಪಚಾರಿಕವಾದ ಬೀಳ್ಕೊಡುಗೆಗೆ ಒಪ್ಪಿಗೆ ಕೊಡುತ್ತದೆ. ಆದರೆ ಅದಕ್ಕೂ ವಂತಿಗೆ ಕೊಡುವಂತೆ ಯಾರ ಮೇಲೂ ಒತ್ತಡ ತರುವಂತಿಲ್ಲ. ಇನ್ನೂ ಮುಖ್ಯವಾಗಿ, ‘ಸಿ’ ಮತ್ತು ‘ಡಿ’ ಗುಂಪಿಗೆ ಸೇರದ ಅಧಿಕಾರಿಯ ಸತ್ಕಾರಕ್ಕಾಗಿ ಆ ಗುಂಪುಗಳ ನೌಕರರಿಂದ ಯಾವ ಸಂದರ್ಭದಲ್ಲೂ ಹಣ ಎತ್ತುವಂತಿಲ್ಲ. ನಮ್ಮ ಅಟೆಂಡರಂಥವರನ್ನು ಎದುರಿಗೆ ಇಟ್ಟುಕೊಂಡೇ ಈ ಸಾಲು ಬರೆದಂತಿದೆ. ನಿಯಮ ಪುಸ್ತಕದಲ್ಲಿದೆ, ಲಿಸ್ಟು ಮೇಜಿನ ಮೇಲಿದೆ.

ಕಾನೂನು ಮುಟ್ಟದ ಕಡೆ ಜನರೇ ಬೇಸತ್ತು ತಡೆ ಹಾಕಿದ ಉದಾಹರಣೆಯೂ ಉಂಟು. ಜಪಾನಿನಲ್ಲಿ ಫೆಬ್ರುವರಿ 14ರಂದು ಮಹಿಳಾ ನೌಕರರು ಕಚೇರಿಯ ಗಂಡಸರಿಗೆಲ್ಲ, ಇಷ್ಟವಿರಲಿ ಬಿಡಲಿ, ಚಾಕಲೇಟು ಹಂಚುವ ರೂಢಿಯಿದೆ. ಅದಕ್ಕೆ ಅವರ ಹೆಸರೇ ‘ಗಿರಿ ಚೊಕೊ’, ಎಂದರೆ ಕರ್ತವ್ಯದ ಚಾಕಲೇಟು. 2018ರಲ್ಲಿ ಗೊಡೈವಾ ಎಂಬ ಚಾಕಲೇಟು ಕಂಪನಿಯೇ ಅಲ್ಲಿನ ಪ್ರಮುಖ ಆರ್ಥಿಕ ದಿನಪತ್ರಿಕೆಯಲ್ಲಿ ಪುಟದ ಜಾಹೀರಾತು ಕೊಟ್ಟು, ಕರ್ತವ್ಯದ ಚಾಕಲೇಟು ಕೊಡುವುದನ್ನು ನಿಲ್ಲಿಸೋಣ ಎಂದು ಕೇಳಿಕೊಂಡಿತು. ಮಾರುವವನೇ ಕೊಳ್ಳಬೇಡಿ ಎನ್ನುವ ಹಂತಕ್ಕೆ ಬಂದಿತ್ತು ಜನರ ಬೇಸರ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಲಿಸ್ಟು ಮುಂದೆ ಬಂದಾಗ ಏನು ಮಾಡಬೇಕು? ಎಲ್ಲರಿಗೂ ಕೊಡುವ ಒಂದೇ ಸಣ್ಣ ಮೊತ್ತವನ್ನು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿರುವುದು ಒಳ್ಳೆಯದು. ಬೇಕಾದವರಿಗೆ ಹೆಚ್ಚು ಕೊಡಬೇಕೆನಿಸಿದರೆ ಅದನ್ನು ಲಿಸ್ಟಿನ ಹೊರಗೆ, ನಾವೇ ಕೊಂಡು ಕೊಡೋಣ. ಬೇಡದವರಿಗೆ ಆ ಮೊತ್ತ ಕೊಟ್ಟು ಸುಮ್ಮನಿರೋಣ. ವೇದಿಕೆ ಹತ್ತಿ ಇಲ್ಲದ ಗುಣಗಳನ್ನು ಹೊಗಳಬೇಕಾಗಿಲ್ಲ. ಬೂಟಾಟಿಕೆ ಇರುವುದು ನೋಟಿನಲ್ಲಲ್ಲ, ಭಾಷಣದಲ್ಲಿ. ನಿಜವಾಗಿ ಕಿರುಕುಳ ಕೊಟ್ಟವರ ವಿಷಯದಲ್ಲಿ ಕೊಡದಿರುವ ಹಕ್ಕೂ ನಮಗಿದೆ. ಅದನ್ನು ಸಾರಬೇಕಿಲ್ಲ, ಅದಕ್ಕೆ ನಾಚಬೇಕಿಲ್ಲ. ಗೀತೆಯ ಹದಿನೇಳನೆಯ ಅಧ್ಯಾಯ ಮನಸ್ಸು ನೋಯಿಸಿಕೊಂಡು ಕೊಟ್ಟದ್ದನ್ನು ರಾಜಸ ದಾನವೆಂದೂ ತಿರಸ್ಕಾರದಿಂದ ಕೊಟ್ಟದ್ದನ್ನು ತಾಮಸ ದಾನವೆಂದೂ ಎಣಿಸುತ್ತದೆ. ನನ್ನ ದಪ್ಪ ಅಕ್ಷರದ ಹತ್ತು ರೂಪಾಯಿ ಯಾವ ಗುಂಪಿಗೆ ಸೇರುತ್ತದೆಂದು ಓದುಗರೇ ಹೇಳಬಹುದು.

ಹಣ ಎತ್ತುವವರಿಗೆ ಇನ್ನೂ ಹೆಚ್ಚಿನ ಹೊಣೆಯಿದೆ. ಹೆಸರು, ಮೊತ್ತ ಬರೆಯುವ ಹಾಳೆ ಬೇಡ. ಒಂದು ಕವರು ಮೇಜಿನಿಂದ ಮೇಜಿಗೆ ಹೋಗಲಿ, ಹಾಕುವವರು ಹಾಕಲಿ. ಮುಯ್ಯಿಯನ್ನು ಕೂಗಿ ಬರೆಯುವುದು ಸರೀಕರಿಗೆ ಸರಿ. ಸಂಬಳದಲ್ಲಿ ಹತ್ತು ಪಟ್ಟು ಅಂತರವಿರುವವರನ್ನು ಒಂದೇ ಹಾಳೆಯಲ್ಲಿ ಬರೆಸುವುದು ಸರಿಯಲ್ಲ. ಗುಂಪಿನಲ್ಲಿ ‘ಇನ್ನೂ ಮೂವರು ಬಾಕಿ’ ಎಂದು ಸಂದೇಶ ಹಾಕುವುದು ಹಳೆಯ ಹಾಳೆಗಿಂತ ಕೆಟ್ಟದ್ದು.

ಎರಡು ವರ್ಷಗಳ ಮೇಲೆ ಅದೇ ಅಟೆಂಡರು ನಿವೃತ್ತರಾದರು. ಲಿಸ್ಟು ಬಂತು. ಸಾಹೇಬರಿಗೆ ಇಪ್ಪತ್ತೈದು ಬರೆದ ಕೈಗಳು ಈ ಸಲ ಐದು, ಹತ್ತು ಎಂದು ಬರೆದಿದ್ದವು. ಮೂವತ್ತು ವರ್ಷ ಎಲ್ಲರ ಲಿಸ್ಟಿಗೂ ತಪ್ಪದೆ ಕೊಟ್ಟವರಿಗೆ ಕಡೆಗೆ ಬಂದದ್ದು ಒಂದು ಗೋಡೆ ಗಡಿಯಾರ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ನನಗೆ ಕೊಡಬೇಕಾಗಿದ್ದ ಇಪ್ಪತ್ತೈದು ರೂಪಾಯಿಯನ್ನು ಅವರು ಹೇಳಿದಂತೆ ಒಂದನೇ ತಾರೀಕಿಗೇ ತೀರಿಸಿದ್ದರು. ಅವರ ಮುಯ್ಯಿ ಮಾತ್ರ ನಮ್ಮ ಕಚೇರಿಯ ಮೇಲೆ ಇನ್ನೂ ಬಾಕಿಯಿದೆ.