ಮರೆವಿನ ಜಾಡು ಹಿಡಿದು ಶ್ರೀನಿವಾಸಪುರಕ್ಕೆ

ಮಾವಿನ ಸುಗ್ಗಿ ಬಂತೆಂದರೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹೆಸರು ದೂರದ ಮಂಡಿಗಳಲ್ಲೂ ಕೇಳಿಬರುತ್ತದೆ. ಕೆಲವು ವರ್ಷಗಳಿಂದ ಈ ಹೆಸರು ಮಿದುಳು ವಿಜ್ಞಾನದ ಪತ್ರಿಕೆಗಳಲ್ಲೂ ಅಚ್ಚಾಗುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಇಲ್ಲೊಂದು ಅಧ್ಯಯನ ಶುರುಮಾಡಿತು. ಅದರ ಹೆಸರು ‘ಸ್ಯಾನ್ಸ್‌ಕಾಗ್’. 45 ದಾಟಿದ, ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇಲ್ಲದ 10,000 ಹಳ್ಳಿಗರನ್ನು ಸೇರಿಸಿಕೊಂಡು, ವರ್ಷಗಟ್ಟಲೆ ಅವರ ಆರೋಗ್ಯ ಗಮನಿಸುತ್ತಾ ಹೋಗುವುದು ಇದರ ಗುರಿ. ಇನ್ಫೊಸಿಸ್ ಸಹಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ದಂಪತಿಯ ಪ್ರತೀಕ್ಷಾ ಟ್ರಸ್ಟ್‌ನ ನೆರವಿನಿಂದ ಹುಟ್ಟಿದ ಈ ಕೇಂದ್ರಕ್ಕೆ ಪ್ರೊ. ವಿಜಯಲಕ್ಷ್ಮಿ ರವೀಂದ್ರನಾಥ್ ಸ್ಥಾಪಕ ನಿರ್ದೇಶಕಿ.

ಕಾಯಿಲೆ ಇಲ್ಲದವರನ್ನೇ ಏಕೆ ಪರೀಕ್ಷಿಸಬೇಕು? ಮರೆವು ಮನೆಯವರ ಕಣ್ಣಿಗೆ ಬೀಳುವ ಹೊತ್ತಿಗೆ ಮಿದುಳಿನೊಳಗಿನ ಹಾನಿ ಶುರುವಾಗಿ ಹತ್ತಾರು ವರ್ಷ ಕಳೆದಿರುತ್ತದೆ. ಭಾರತದಲ್ಲಿ 60 ದಾಟಿದವರ ಪೈಕಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಆದರೆ ಈ ಕಾಯಿಲೆಯ ಬಗ್ಗೆ ಜಗತ್ತಿಗೆ ಗೊತ್ತಿರುವುದರಲ್ಲಿ ಬಹುಪಾಲು ಯುರೋಪ್ ಮೂಲದ, ಓದುಬರಹ ಬಲ್ಲವರ ದೇಹಗಳಿಂದ ತಿಳಿದದ್ದು. ಆ ಮಾಹಿತಿಯಿಂದಲೇ ಕಲಿತ ಕೃತಕ ಬುದ್ಧಿಮತ್ತೆ ನಮ್ಮ ಹಳ್ಳಿಯ ಅಜ್ಜಿಯ ಮುಂದೆ ಕೂತರೆ ಎಡವುವುದು ಖಂಡಿತ.

ಹೇಗೆ ಎಡವುತ್ತದೆ ಎಂಬುದನ್ನು ನೋಡಿ. ಸ್ಮರಣಶಕ್ತಿಯ ಪರೀಕ್ಷೆಗಳಲ್ಲಿ ಬಹಳಷ್ಟು ‘ಇವತ್ತಿನ ತಾರೀಖು ಎಷ್ಟು, ಒಂದು ವಾಕ್ಯ ಬರೆಯಿರಿ’ ಎಂದು ಕೇಳುತ್ತವೆ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸಿಗೆ ಅಮಾವಾಸ್ಯೆಗೆ ಇನ್ನೆಷ್ಟು ದಿನ ಎಂಬುದು ಬಾಯಲ್ಲೇ ಇರುತ್ತದೆ, ತಾರೀಖು ಇರುವುದಿಲ್ಲ. ಹರಿಯಾಣದ ಬಲ್ಲಭ್‌ಗಢದ ಹಳ್ಳಿಗಳಲ್ಲಿ ರೂಪುಗೊಂಡ, 1995ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಈ ತೊಡಕನ್ನು ಚೆನ್ನಾಗಿ ಬಿಡಿಸಿತು. ಅಲ್ಲಿ ಬರೆಸುವ ಬದಲು ‘ನಿಮ್ಮ ಮನೆಯ ಬಗ್ಗೆ ಒಂದು ಮಾತು ಹೇಳಿ’ ಎನ್ನುತ್ತಾರೆ. ಚೀಟಿ ಓದಿಸುವ ಬದಲು ‘ನನ್ನ ಮುಖ ನೋಡಿ, ನಾನು ಮಾಡಿದಂತೆ ಮಾಡಿ’ ಎಂದು ಕಣ್ಣು ಮುಚ್ಚುತ್ತಾರೆ. ನೆನಪಿಡಬೇಕಾದ ಮೂರು ವಸ್ತುಗಳಲ್ಲಿ ಮಾವಿನ ಹಣ್ಣೂ ಒಂದು!

ಸ್ಯಾನ್ಸ್‌ಕಾಗ್‌ನಲ್ಲಿ ನಮ್ಮ ಜನರಿಗೆ ಒಗ್ಗುವಂತೆ ಮಾರ್ಪಡಿಸಿದ ‘ಕಾಗ್ನಿಟೊ’ ಎಂಬ ಟಚ್‌ಸ್ಕ್ರೀನ್ ಪರೀಕ್ಷೆ ಇದೆ. ಪರದೆ ಮುಟ್ಟಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೂ ಅದು ದಾಖಲಿಸುತ್ತದೆ. ಜೊತೆಗೆ ರಕ್ತ, ವಂಶವಾಹಿ, ಕಣ್ಣಿನ ಅಕ್ಷಿಪಟಲ, ಎಂಆರ್‌ಐ. ಬಿಪಿ, ಸಕ್ಕರೆ ಕಾಯಿಲೆ ಇದ್ದೂ ಅದರ ಅರಿವೇ ಇಲ್ಲದ ಎಷ್ಟೋ ಜನ ಈ ತಪಾಸಣೆಯಲ್ಲಿ ಸಿಕ್ಕರು. ನನ್ನ ಮಟ್ಟಿಗೆ ಈವರೆಗಿನ ದೊಡ್ಡ ಫಲ ಇದೇ. ಈ ಎರಡೂ ಮುಂದೆ ಡಿಮೆನ್ಷಿಯಾಕ್ಕೆ ದಾರಿ ಮಾಡಿಕೊಡುತ್ತವೆ, ಮತ್ತು ಎರಡಕ್ಕೂ ಅಗ್ಗದ ಮಾತ್ರೆಗಳಿವೆ.

ಮುಂದಿನ ಹೆಜ್ಜೆ ಮೊಬೈಲ್‌ನದು. ಜೇಬಿನ ಫೋನಿನಲ್ಲಿ ಚಲನೆ ಗುರುತಿಸುವ ಸೆನ್ಸರ್ ಇರುತ್ತದೆ, ಅದು ನಡಿಗೆಯನ್ನೂ ಅಳೆಯಬಲ್ಲದು. ನೆನಪು ಕೈಕೊಡುವ ಮುನ್ನವೇ ಎಷ್ಟೋ ಜನರ ನಡಿಗೆ ನಿಧಾನವಾಗುತ್ತದೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಆದರೆ ಆಸ್ಪತ್ರೆಯ ನುಣುಪು ನೆಲದ ಮೇಲೆ ಅಳೆದ ನಡಿಗೆಯೇ ಬೇರೆ, ಹುಲ್ಲಿನ ಹೊರೆ ಹೊತ್ತು ಬದುವಿನ ಮೇಲೆ ಸಾಗುವ ಮುಳಬಾಗಿಲಿನ ರೈತನ ನಡಿಗೆಯೇ ಬೇರೆ. ಅವನ ಎಚ್ಚರಿಕೆಯ ಹೆಜ್ಜೆಯನ್ನು ರೋಗಲಕ್ಷಣವೆಂದು ಯಂತ್ರ ಬರೆದುಕೊಳ್ಳಬಾರದು. ಅದಕ್ಕೇ ಇಂಥ ಊರುಗಳ ದತ್ತಾಂಶ ಬೇಕು.

ಕೋಲಾರ ಜಿಲ್ಲೆಗೆ ಡಿಜಿಟಲ್ ಆರೋಗ್ಯ ಹೊಸದೇನಲ್ಲ. ಟಾಟಾ ಟ್ರಸ್ಟ್ಸ್ ಮತ್ತು ಟಿಸಿಎಸ್‌ನ ‘ಡಿಜಿಟಲ್ ನರ್ವ್ ಸೆಂಟರ್’ ಸರ್ಕಾರದೊಡನೆ ಸೇರಿ ಇಲ್ಲಿ ಕೆಲಸ ಮಾಡಿದೆ. 2022ರಲ್ಲಿ ಶುರುವಾದ ನಿಮ್ಹಾನ್ಸ್‌ನ ‘ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮ’ವೂ ಪ್ರಾಯೋಗಿಕವಾಗಿ ಆರಿಸಿಕೊಂಡ ಜಿಲ್ಲೆಗಳಲ್ಲಿ ಕೋಲಾರ ಒಂದು.

ದಿನದ ಕೂಲಿ, ಹಸುವಿನ ಹಾಲು ಕರೆಯುವ ಹೊತ್ತು, ಎಲ್ಲ ಬಿಟ್ಟು ಮತ್ತೆ ಮತ್ತೆ ತಪಾಸಣೆಗೆ ಬರುವವರು ಸ್ಯಾನ್ಸ್‌ಕಾಗ್‌ನ ಈ ಹಿರಿಯರು. ಅವರ ರಕ್ತ, ಅವರ ನಡಿಗೆಯಿಂದ ಕಲಿತ ತಂತ್ರಾಂಶ ಮೊದಲು ಬರಬೇಕಾದದ್ದು ಶ್ರೀನಿವಾಸಪುರ, ಮಾಲೂರುಗಳ ಆಶಾ ಕಾರ್ಯಕರ್ತೆಯ ಫೋನಿಗೆ. ಅದೂ ಕನ್ನಡದಲ್ಲಿ, ಈ ಆಂಧ್ರ ಗಡಿಯ ಮನೆಗಳಲ್ಲಿ ಆಡುವ ತೆಲುಗಿನಲ್ಲಿ.